ಕವುಚಿಟ್ಟ ಲೋಟ

ಕಳೆದ ತಿಂಗಳು ಬಚ್ಚಲಿನ ಹಂಡೆ ತೆಗೆಸಿದೆವು. ಗೀಸರ್ ಬಂದ ಮೇಲೆ ಆ ತಾಮ್ರದ ಹಂಡೆ ಒಲೆಯ ಮೇಲೆ ಸುಮ್ಮನೆ ಕೂತು ಜಿರಳೆ ಸಾಕುತ್ತಿತ್ತು. ಗುಜರಿಯವನಿಗೆ ಕೊಡುವ ಮೊದಲು ತಳದ ಮಸಿಯನ್ನಾದರೂ ತೆಗೆಯುವ ಎಂದು ತೆಂಗಿನೆಣ್ಣೆ ಮುಟ್ಟಿಸಿದ ಬಟ್ಟೆ ಹಿಡಿದು ಕೂತೆ. "ನಿಮಗೆ ಬೇರೆ ಕೆಲಸ ಇಲ್ವಾ ಅತ್ತೆ? ಅವ ತೂಕಕ್ಕೆ ತಗೊಳ್ಳುದು" ಎಂದು ಸೊಸೆ ನಗಾಡಿದಳು. ಎಣ್ಣೆ, ಮಸಿ ಎರಡೂ ಸೇರಿದ ವಾಸನೆ ಮೂಗಿಗೆ ಹೊಡೆಯಿತು ನೋಡಿ... ಕೈ ಅಲ್ಲಿಗೇ ನಿಂತಿತು. ನಲವತ್ತು ವರ್ಷಗಳ ಹಿಂದೆ ಇದೇ ವಾಸನೆಯನ್ನು ಮುಖಕ್ಕೆಲ್ಲ ಬಳಿದುಕೊಂಡು ನಾನು ಒಬ್ಬಳ ಎದುರು ಹೋಗಿ ನಿಂತಿದ್ದೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಊರಿನವರೂ ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಮಕ್ಕಳ ಬಾಯಲ್ಲಿ ಅವಳು ಬಾಲವಾಡಿ ಟೀಚರ್. ದೊಡ್ಡವರ ಬಾಯಲ್ಲಿ 'ಆ ಕೊಪ್ಪದ ಹುಡುಗಿ'. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಮಕುಂಜದಿಂದ ಸ್ವಲ್ಪ ಒಳಗೆ, ನಾನು ಟೀಚರಾಗಿ ಸೇರಿದ ಪ್ರೈಮರಿ ಶಾಲೆಯ ಅಂಗಳದಲ್ಲೇ ಒಂದು ಕೋಣೆಯ ಬಾಲವಾಡಿ ಇತ್ತು. ಗುಡ್ಡೆಯ ಆಚೆ ಕೊರಗರ ಕೊಪ್ಪ, ಅಂದರೆ ನಾಲ್ಕೈದು ಗುಡಿಸಲು. ಅಲ್ಲಿಂದ ಎಸ್ಸೆಸ್ಸೆಲ್ಸಿ ಪಾಸಾಗಿ ಬಂದ ಮೊದಲನೆಯವಳು ಅವಳು. ಅವಳ ತಾಯಿ ಕಾಡುಬಳ್ಳಿಯ ಬುಟ್ಟಿ ಹೆಣೆದು ನಮ್ಮ ಮನೆಗೆ ತರುತ್ತಿದ್ದರು. ಅಂಗಳದ ಆಚೆ ನಿಂತು ಬುಟ್ಟಿಯನ್ನು ನೆಲದಲ್ಲಿಡುವುದು, ಅವರು ಹಿಂದೆ ಸರಿದ ಮೇಲೆ ನಮ್ಮ ಅಮ್ಮ ಹೋಗಿ ಎತ್ತಿಕೊಳ್ಳುವುದು... ಇದನ್ನು ಚಿಕ್ಕಂದಿನಿಂದ ನೋಡಿದ್ದೆ. ನೋಡಿ ನೋಡಿ ಅದು ಇರುವುದೇ ಹಾಗೆ ಎಂದುಕೊಂಡಿದ್ದೆ.

ಬಾಲವಾಡಿ ಟೀಚರಿಗೆ ಕಥೆ ಹೇಳುವ ಒಂದು ಕಲೆ ಇತ್ತು. ಹುಲಿಯ ಸ್ವರ, ಮುದುಕಿಯ ಸ್ವರ, ಬಾವಿಯೊಳಗಿನ ಕಪ್ಪೆಯ ಸ್ವರ ಎಲ್ಲ ಅವಳ ಗಂಟಲಲ್ಲೇ. ನಾಲ್ಕನೇ ಕ್ಲಾಸಿನ ನನ್ನ ಮಕ್ಕಳು ಮಗ್ಗಿ ಬಿಟ್ಟು ಅವಳ ಕಿಟಕಿಗೆ ಬಾವಲಿಗಳ ಹಾಗೆ ಜೋತುಬೀಳುತ್ತಿದ್ದರು. ಜಗಳಕ್ಕೆಂದು ಹೋದ ನಾನೂ ಒಂದು ದಿನ ಕಥೆ ಮುಗಿಯುವ ತನಕ ಕಿಟಕಿಯ ಬಳಿ ನಿಂತೆ. ಸ್ನೇಹ ಆದದ್ದು ಹಾಗೆ. ಮಧ್ಯಾಹ್ನ ಅವಳು ಬಾಗಿಲು ಓರೆ ಮಾಡಿ ಒಳಗೆ ಉಣ್ಣುತ್ತಿದ್ದಳು, ನಾನು ಹೊರಗೆ ಮೆಟ್ಟಿಲಲ್ಲಿ ಕೂತು ಅವಳೊಡನೆ ಮಾತಾಡುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ನನಗಿಂತ ಎರಡು ವರ್ಷ ದೊಡ್ಡವಳಾದರೂ ಅವಳು ನನ್ನನ್ನು 'ನೀವು' ಎನ್ನುವುದು, ನಾನು ಅವಳನ್ನು 'ನೀನು' ಎನ್ನುವುದು. ಹಾಗೆ ಕರೆಯಬೇಡ ಎಂದು ನಾನೇ ಹಟ ಹಿಡಿದೆ. ಅವಳ ನಾಲಿಗೆ ಹೊರಳಲು ಒಂದು ಮಳೆಗಾಲವೇ ಬೇಕಾಯಿತು. ಮೊದಲ ಸಲ 'ನೀನು' ಎಂದಾಗ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೇನೋ ದೊಡ್ಡ ಉಪಕಾರ ಮಾಡಿದ ಹಾಗೆ ಆ ದಿನವೆಲ್ಲ ಬೀಗಿದ್ದೆ. ಎಂಥ ಸೊಕ್ಕು ನನ್ನದು!

ಆಗ ನಮ್ಮ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಬಂದರು. ಸುಳ್ಯದ ಹತ್ತಿರ ಅಜ್ಜಾವರದ ಕಡೆಯವರು. ಗಡ್ಡ, ಜೋಳಿಗೆ. ಘಟ್ಟದ ಮೇಲೆ ಒಂದು ನಾಟಕ ಶಿಬಿರಕ್ಕೆ ಹೋಗಿ ಬಂದ ಮೇಲೆ ಅವರಿಗೆ ನಾಟಕದ ಹುಚ್ಚು ನೆತ್ತಿಗೇರಿತ್ತು. ನಮಗೆ ಗೊತ್ತಿದ್ದದ್ದು ಬಯಲಾಟ, ಹೆಚ್ಚೆಂದರೆ ಸ್ಕೂಲ್ ಡೇಯ ಪರದೆ ಎಳೆಯುವ ನಾಟಕ. ಅವರು, "ಸ್ಟೇಜೂ ಬೇಡ, ಪರದೆಯೂ ಬೇಡ ಮಾರಾಯ್ರೆ. ಒಂದು ಕ್ಲಾಸ್ ರೂಮು ಸಾಕು. ನೋಡುವವರು ನಿಮ್ಮ ಉಸಿರು ತಾಗುವಷ್ಟು ಹತ್ತಿರ ಕೂರಬೇಕು" ಎಂದರು. ಆಫ್ರಿಕದ ತುದಿಯ ದೇಶದಲ್ಲಿ ಬಿಳಿಯರಿಗೊಂದು ಬೆಂಚು, ಕರಿಯರಿಗೊಂದು ಬೆಂಚು ಇರುತ್ತದೆ ಎಂದು ಪೇಪರಿನಲ್ಲಿ ಓದಿ ಅವರೇ ಒಂದು ನಾಟಕ ಬರೆದಿದ್ದರು. ಇಬ್ಬರೇ ಪಾತ್ರಧಾರಿಗಳು. ಬಿಳಿಯ ಧಣಿಯ ಮಗಳು, ಆ ಮನೆಯ ಕರಿಯ ಕೆಲಸದವಳ ಮಗಳು. ಒಟ್ಟಿಗೆ ಆಡಿ ಬೆಳೆದವರು. ದೊಡ್ಡವರಾದ ಮೇಲೆ ಬೆಂಚೂ ಬೇರೆ, ಲೋಟವೂ ಬೇರೆ. ಕೊನೆಯಲ್ಲಿ ಬಿಳಿಯವಳು ಎಲ್ಲರ ಎದುರು ಅರ್ಧ ಲೋಟ ನೀರು ಕುಡಿದು ಉಳಿದರ್ಧವನ್ನು ಗೆಳತಿಗೆ ಕೊಡುತ್ತಾಳೆ. ಗೆಳತಿ ಅದನ್ನು ಕುಡಿಯುತ್ತಾಳೆ. ಅಲ್ಲಿಗೆ ಮುಗಿಯಿತು.

ಪಾತ್ರ ಹಂಚಿದ್ದನ್ನು ಕೇಳಿ ನಾವಿಬ್ಬರೂ ಬೆಚ್ಚಿದೆವು. ಬಿಳಿಯವಳು ಬಾಲವಾಡಿ ಟೀಚರ್, ಕರಿಯವಳು ನಾನು! "ಮೇಲೆ ಕೂತು ಅಭ್ಯಾಸ ಆದವರು ಒಮ್ಮೆ ಕೆಳಗೆ ಕೂತು ನೋಡಲಿ" ಎಂದು ಮೇಷ್ಟ್ರು ನನ್ನನ್ನೇ ನೋಡಿ ಹೇಳಿದರು. ನನಗೆ ಅದು ಬಹಳ ಹಿಡಿಸಿತು. ಕರಿಯವಳಿಗೆ ಮುಖಕ್ಕೆ ಮಸಿ ಹಚ್ಚುವ ಎಂದೂ ಅವರು ಹೇಳಿದ್ದರು. ಆಗ ಬಾಲವಾಡಿ ಟೀಚರ್ ತಲೆ ಎತ್ತಿದಳು.

"ಮಸಿ ಮಾತ್ರ ಬೇಡ ಮೇಷ್ಟ್ರೇ. ಬೇರೆ ಎಂತ ಬೇಕಾದ್ರೂ ಮಾಡುವ."

ಘಟ್ಟದ ಈಚೆ ಹುಟ್ಟಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನವರಾತ್ರಿಗೆ ನಮ್ಮಲ್ಲಿ ಹರಕೆ ಹೊತ್ತವರು ವೇಷ ಹಾಕುತ್ತಾರೆ. ಅದರಲ್ಲೊಂದು, ಆ ಕಾಲದಲ್ಲಿ, ಕೊರಗ ವೇಷ. ನಮ್ಮಂಥ ಮನೆಗಳ ಗಂಡಸರೇ ಮೈಗೆಲ್ಲ ಎಣ್ಣೆಮಸಿ ಬಳಿದು, ಅಡಿಕೆಹಾಳೆಯ ಟೊಪ್ಪಿ ಇಟ್ಟು, ಆ ಜನರ ಮಾತು, ನಡಿಗೆ, ಡೋಲಿನ ಕುಣಿತವನ್ನು ಅಣಕಿಸುತ್ತ ಮನೆಮನೆಗೆ ಹೋಗುವುದು. ಜನ ನಕ್ಕು ಚಿಲ್ಲರೆ ಎಸೆಯುವುದು. ಹರಕೆ ತೀರಿತೆಂದರೆ ಮಿಂದು ಬಂದು ಪಂಕ್ತಿಯಲ್ಲಿ ಕೂತು ಉಣ್ಣುವುದು. ವೇಷದಲ್ಲಿದ್ದಾಗ ಮಾಡಿದ್ದಕ್ಕೆ ಮೈಲಿಗೆ ಇಲ್ಲ ಎಂಬುದು ಲೆಕ್ಕ. ಈಗ ಅದಕ್ಕೆ ಕಾನೂನಿನ ತಡೆ ಉಂಟು. ಆಗ ಇರಲಿಲ್ಲ. ಪ್ರತಿ ವರ್ಷ ಆ ವೇಷ ಬಂದಾಗ ಕೊಪ್ಪದಲ್ಲಿ ಬಾಗಿಲು ಹಾಕಿಕೊಳ್ಳುತ್ತಾರಂತೆ. ಅವಳೇ ಹೇಳಿದ್ದು. ಮೇಷ್ಟ್ರ ಮುಖ ಸಣ್ಣದಾಯಿತು. "ನಂಗೆ ಹೊಳೆಯಲೇ ಇಲ್ಲ" ಎಂದರು. ಬಿಳಿಯವಳಿಗೊಂದು ಬಿಳಿ ಶಾಲು, ಕರಿಯವಳಿಗೊಂದು ಕರಿ ಶಾಲು, ಮುಖಕ್ಕೆ ಏನೂ ಇಲ್ಲ ಎಂದು ತೀರ್ಮಾನವಾಯಿತು. "ನನ್ನಾಣೆ, ಮಸಿ ಮುಟ್ಟುವುದಿಲ್ಲ" ಎಂದು ನಾನೇ ಮೊದಲು ಮಾತು ಕೊಟ್ಟವಳು.

ರಿಹರ್ಸಲ್ ದಿನಾ ಶಾಲೆ ಬಿಟ್ಟ ಮೇಲೆ. ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಅವಳನ್ನು ನೀವು ನೋಡಬೇಕಿತ್ತು. ಧಣಿಯ ಮಗಳಾಗುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ. ಗಲ್ಲ ಎತ್ತುವುದು, ಮಾತಿನ ನಡುವೆ ಸೆರಗು ಕೊಡವುವುದು, ಕಣ್ಣು ಹಾಯಿಸದೆ ಕೈ ಮಾತ್ರ ಚಾಚುವುದು... ನಡುವೆ ಒಂದು ದಿನ ನನಗೆ ಹೊಳೆಯಿತು, ಅದು ನಮ್ಮ ಅಮ್ಮ! ನಗು ತಡೆಯದೆ ಹೇಳಿಯೂಬಿಟ್ಟೆ. ಅವಳು ನಗಲಿಲ್ಲ, "ಅಂಗಳದ ಆಚೆಯಿಂದ ಸರೀ ಕಾಣ್ತದೆ" ಎಂದಳು ಅಷ್ಟೇ.

ರಿಹರ್ಸಲಿನಲ್ಲಿ ಲೋಟ ಖಾಲಿ ಇರುತ್ತಿತ್ತು. ಅವಳು ಖಾಲಿ ಲೋಟ ಎತ್ತಿ ಕುಡಿದ ಹಾಗೆ ಮಾಡಿ ಕೊಡುವುದು, ನಾನು ಕುಡಿದ ಹಾಗೆ ಮಾಡುವುದು. ಒಂದು ಸಂಜೆ ಶಾಲು ಮಡಚುತ್ತ ಕೇಳಿದಳು, "ಆ ದಿನ ನೀರು ಇರ್ತದೆ ಅಲ್ವಾ?"

"ಇರದೆ ಮತ್ತೆ? ನೋಡ್ತಾ ಇರು, ಒಂದು ಹನಿ ಬಿಡುದಿಲ್ಲ ನಾನು" ಎಂದೆ. ಆ ಉಮೇದಿನಲ್ಲಿ, "ನಾಟಕ ಮುಗಿಯಲಿ, ಒಂದು ದಿನ ನಿನ್ನ ಮನೆಗೆ ಬರ್ತೇನೆ" ಎಂದೂ ಸೇರಿಸಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಬಾ. ಬೆಲ್ಲ ನೀರು ಕೊಡ್ತೇನೆ" ಎಂದಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದೇ ಅಲ್ಲವೇ? ನಾಟಕಕ್ಕೆ ತಾಯಿಯನ್ನು ಕರೆತರುತ್ತೇನೆ, ಮುಂದಿನ ಚಾಪೆಯಲ್ಲೇ ಕೂರಿಸುತ್ತೇನೆ ಎಂದೂ ಆ ದಿನವೇ ಹೇಳಿದ್ದಳು. ನಮ್ಮ ಮನೆಯವಳೊಬ್ಬಳು ಅವಳ ಕೈಯಿಂದ ನೀರು ಇಸಕೊಂಡು ಕುಡಿಯುವುದನ್ನು ಆ ತಾಯಿ ಕಣ್ಣಾರೆ ನೋಡಬೇಕು ಎಂಬುದು ಅವಳಿಗಿದ್ದ ಒಂದೇ ಆಸೆ.

ನಾಟಕದ ದಿನ ಭಾನುವಾರ. ಬೆಳಿಗ್ಗೆ ನಾನು ಹೊರಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಊರಿನಲ್ಲಿ ಯಾರೋ ಕಥೆಯನ್ನೆಲ್ಲ ಹೇಳಿದ್ದರು. ಉಳುವವನೇ ಒಡೆಯ ಎಂದು ಭೂಮಸೂದೆ ಬಂದು, ಒಕ್ಕಲುಗಳೆಲ್ಲ ಡಿಕ್ಲರೇಶನ್ ಕೊಟ್ಟು, ಗದ್ದೆಯೆಲ್ಲ ಕೈಬಿಟ್ಟು ಹೋಗಿದ್ದ ಕಾಲ. ನಮ್ಮಲ್ಲಿ ಉಳಿದದ್ದು ಒಂದು ತುಂಡು ತೋಟ, ಮತ್ತೆ ಮರ್ಯಾದೆ ಎಂಬ ಆ ದೊಡ್ಡ ಗಂಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಹಾಗೆ.

"ನಿನಗೆ ಸಂಬಂಧ ನೋಡ್ತಾ ಇದ್ದೇವೆ, ಗೊತ್ತುಂಟಲ್ಲ? ಬರೀ ಮುಖದಲ್ಲಿ ಅವಳ ಎಂಜಲು ಕುಡಿದ್ರೆ ನಾಳೆ ಯಾರು ಬರ್ತಾರೆ ಈ ಮನೆಗೆ?" ಅಮ್ಮ ಗಟ್ಟಿಯಾಗಿ ಬೈದಿದ್ದರೆ ನಾನು ಎದುರು ಮಾತಾಡಿ ಹೋಗಿಬಿಡುತ್ತಿದ್ದೆ. ಅವರು ಅತ್ತರು. ಆಮೇಲೆ ಕಣ್ಣೊರಸಿಕೊಂಡು ತಾವೇ ಒಂದು ದಾರಿ ತೋರಿಸಿದರು. "ಮಸಿ ಹಚ್ಚಿಕೋ. ವೇಷ ಹಾಕಿದ್ರೆ ಯಾರೂ ಎಂತ ಹೇಳುದಿಲ್ಲ." ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ ತಂದು ಕೈಗೆ ಕೊಟ್ಟರು. ಬಾಟಲಿಯನ್ನು ನಾನು ಅಲ್ಲೇ ಇಟ್ಟು ಹೋಗಬಹುದಿತ್ತು. ಚೀಲಕ್ಕೆ ಹಾಕಿಕೊಂಡೆ.

ದಾರಿಯುದ್ದಕ್ಕೂ ನನಗೆ ನಾನೇ ವಕೀಲಳಾದೆ. ಕರಿಯವಳ ಪಾತ್ರ ತಾನೇ, ಮಸಿ ಇದ್ದರೆ ಇನ್ನೂ ಕಳೆ ಬರುತ್ತದೆ. ನೀರು ಹೇಗೂ ಕುಡಿಯುತ್ತೇನೆ, ಮುಖದಲ್ಲಿ ಏನಿದ್ದರೇನು? ಆಫ್ರಿಕದ ಕಥೆಗೂ ನವರಾತ್ರಿ ವೇಷಕ್ಕೂ ಎಲ್ಲಿಂದೆಲ್ಲಿಯ ಸಂಬಂಧ... ಮನಸ್ಸು ಮಾಡಿದರೆ ಮನುಷ್ಯನಿಗೆ ಎಷ್ಟು ನ್ಯಾಯ ಬೇಕಾದರೂ ಸಿಗುತ್ತದೆ.

ನಾಲ್ಕು ಗಂಟೆಗೆ ಕ್ಲಾಸ್ ರೂಮು ತುಂಬಿತು. ಪುತ್ತೂರಿನಿಂದ ಒಬ್ಬರಿಬ್ಬರು ಕಾಲೇಜು ಮೇಷ್ಟ್ರುಗಳು, ಊರಿನ ಗಂಡಸರು, ಹಿಂದೆ ಗೋಡೆಗೊರಗಿ ಹೆಂಗಸರು. ಎಲ್ಲರೂ ನೆಲದಲ್ಲಿ ಸುತ್ತ ಕೂತಿದ್ದರು, ನಡುವೆ ಎರಡು ಬೆಂಚು. ನಾನು ಹಿಂದಿನ ಅಡುಗೆ ಶೆಡ್ಡಿನ ಸಂದಿಯಿಂದ ನೋಡುತ್ತಿದ್ದೆ. ಬಾಲವಾಡಿ ಟೀಚರ್ ತಾಯಿಯ ಕೈ ಹಿಡಿದು ತಂದಳು. ಹೊಸ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ. ಆ ತಾಯಿ ಹೊಸಿಲಿನ ಹತ್ತಿರ ನಿಂತೇಬಿಟ್ಟರು. ಕಾಲು ಮುಂದೆ ಬರಲಿಲ್ಲ. ಮಗಳು ಏನೋ ಹೇಳಿ ಸೊಂಟ ಬಳಸಿ ಒಳಗೆ ಕರೆತಂದು ಮುಂದಿನ ಚಾಪೆಯಲ್ಲಿ ಕೂರಿಸಿದಳು. ಪಕ್ಕದವರು ಸ್ವಲ್ಪ ಸರಿದರು. ಆದರೆ ಯಾರೂ ಎದ್ದು ಹೋಗಲಿಲ್ಲ. ಮಗಳ ಮುಖ ಆಗ ಬೆಳಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ಬಿಳಿ ಶಾಲು ಹೊದ್ದು ಬೆಂಚಿನಲ್ಲಿ ಕೂತಳು. ನಾಟಕ ಶುರುವಾಯಿತು.

ಇತ್ತ ನಾನು ಮಕ್ಕಳ ಉಪ್ಪಿಟ್ಟು ಬೇಯಿಸುವ ಪಾತ್ರೆಯ ತಳಕ್ಕೆ ಎಣ್ಣೆ ಸುರಿದೆ, ಅಂಗೈ ಒರೆಸಿದೆ, ಮುಖಕ್ಕೆ ಬಳಿದೆ. ಬಾಗಿಲಲ್ಲಿ ಮೇಷ್ಟ್ರು ನನ್ನನ್ನು ನೋಡಿ, "ಇದೆಂತ ಮಾರಾಯ್ರೆ..." ಎಂದರು. ಅಷ್ಟರಲ್ಲಿ ಒಳಗೆ ಅವಳು ನನ್ನ ಪಾತ್ರವನ್ನು ಕರೆದಳು. ನಾನು ಹೋದೆ.

ಹಿಂದಿನಿಂದ ಕಿಸಕ್ಕನೆ ಒಂದು ನಗು. ಯಾರೋ ಬಾಯಲ್ಲೇ ಡೋಲು ಬಾರಿಸಿದರು, ಡೊಂಯ್ ಡೊಂಯ್ ಎಂದು. ರೂಮಿಗೆ ರೂಮೇ ನಕ್ಕಿತು. ನನ್ನ ಕಾಲ ಬಳಿ ಒಂದು ನಾಣ್ಯ ಬಂದು ಬಿತ್ತು. ಇಷ್ಟೇ ಆಗಿದ್ದರೆ ಅಮ್ಮನ ಮೇಲೆ, ಊರಿನ ಮೇಲೆ ಹೊರಿಸಿ ಹೇಗೋ ಬದುಕಿಬಿಡುತ್ತಿದ್ದೆ. ಆದರೆ ಆ ನಗು ಕೇಳಿದ್ದೇ ನನಗೆ ಒಳಗೆ ಎಂಥದೋ ಹಿತವಾಯಿತು. ಭಯ ಇಳಿಯಿತು. ನಾನು ಇವರಿಗೆ ಸೇರಿದವಳೇ ಎಂದಾಯಿತು. ನನ್ನ ಕಾಲು ಆ ಡೋಲಿನ ತಾಳಕ್ಕೆ ಒಂದು ಹೆಜ್ಜೆ ಹಾಕಿತು. ಕಾಲು ಹಾಕಿತು ಎಂದು ಬರೆಯುತ್ತಿದ್ದೇನೆ ನೋಡಿ, ಈಗಲೂ ತಪ್ಪಿಸಿಕೊಳ್ಳುವ ಬುದ್ಧಿ! ನಾನೇ ಹಾಕಿದೆ. ನಗು ಇಮ್ಮಡಿಯಾಯಿತು.

ಮುಂದಿನ ಚಾಪೆಯಿಂದ ಆ ತಾಯಿ ಎದ್ದರು. ಸೆರಗು ತಲೆಗೆ ಎಳೆದುಕೊಂಡು, ಯಾರಿಗೂ ಸೋಕದ ಹಾಗೆ ಮೈ ಹಿಡಿ ಮಾಡಿಕೊಂಡು, ಕೂತವರ ನಡುವಿನಿಂದ ಬಾಗಿಲಿಗೆ ಹೋದರು. ಕಾಲು ಚಾಚಿ ಕೂತಿದ್ದವರು ಕಾಲು ಎಳೆದುಕೊಂಡರು. ಮಗಳು ಬೆಂಚಿನಿಂದ ಎಲ್ಲವನ್ನೂ ನೋಡುತ್ತಿದ್ದಳು.

ಅವಳು ಅಲ್ಲಿಗೇ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಒಂದು ಮಾತು ತಪ್ಪದೆ ಆಡಿದಳು. ಸ್ವರ ನಡುಗಲಿಲ್ಲ. ಮೆಲ್ಲಮೆಲ್ಲನೆ ಜನರ ನಗು ಅಡಗಿತು. ನೀರಿನ ದೃಶ್ಯ ಬಂತು. ಅವಳು ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದಳು. ನಿಜವಾದ ನೀರು. ಅರ್ಧ ಕುಡಿದಳು. ನಾನು ಕೈ ಚಾಚಿದೆ. ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಮತ್ತೆ ಲೋಟವನ್ನು ತನ್ನ ಬಾಯಿಗೇ ಎತ್ತಿ ಉಳಿದ ನೀರನ್ನೂ ಕುಡಿದಳು, ನಿಧಾನಕ್ಕೆ, ಕೊನೆಯ ಹನಿಯ ತನಕ. ಖಾಲಿ ಲೋಟವನ್ನು ಬೆಂಚಿನ ಮೇಲೆ ಕವುಚಿಟ್ಟಳು. ಬಿಳಿ ಶಾಲು ಮಡಚಿ ಅದರ ಪಕ್ಕ ಇಟ್ಟು, ತಾಯಿ ಹೋದ ಬಾಗಿಲಿನಿಂದಲೇ ಹೊರಗೆ ಹೋದಳು. ನನ್ನ ಕೈ ಚಾಚಿದಂತೆಯೇ ಇತ್ತು.

ಜನ ಚಪ್ಪಾಳೆ ಹೊಡೆದರು! ಪುತ್ತೂರಿನ ಮೇಷ್ಟ್ರೊಬ್ಬರು ಕಣ್ಣೊರೆಸಿಕೊಳ್ಳುತ್ತ ಬಂದು, "ಎಂಥಾ ಕೊನೆ! ಎಂಥಾ ಕೊನೆ!" ಎಂದು ಡ್ರಾಯಿಂಗ್ ಮೇಷ್ಟ್ರ ಕೈ ಹಿಡಿದು ಕುಲುಕಿದರು. ಡ್ರಾಯಿಂಗ್ ಮೇಷ್ಟ್ರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಅವಳ ಹಿಂದೆ ಓಡಬೇಕಿತ್ತು. ಈ ಮುಖ ಹೊತ್ತುಕೊಂಡು ಹೇಗೆ ಹೋಗುವುದೆಂದು ಮೊದಲು ಬಾವಿಕಟ್ಟೆಗೆ ಹೋದೆ. ಎಣ್ಣೆಮಸಿ ನೀರಿಗೆ ಜಗ್ಗುವುದಿಲ್ಲ. ಉಜ್ಜಿ ಉಜ್ಜಿ ಕೆನ್ನೆ ಉರಿಯಿತು. ಮುಖ ಕಾಣುವ ಹೊತ್ತಿಗೆ ಗುಡ್ಡೆಯ ದಾರಿಯಲ್ಲಿ ಯಾರೂ ಇರಲಿಲ್ಲ.

ಮರುದಿನ ಅವಳು ಎಂದಿನಂತೆ ಬಾಲವಾಡಿಗೆ ಬಂದಳು. ಹುಲಿಯ ಸ್ವರ ಕೇಳಿಸಿತು, ಮುದುಕಿಯ ಸ್ವರ ಕೇಳಿಸಿತು. ಮಧ್ಯಾಹ್ನ ಬಾಗಿಲು ಪೂರ್ತಿ ಹಾಕಿತ್ತು. ನಾಳೆ ಮಾತಾಡುತ್ತೇನೆ, ನಾಡಿದ್ದು ಮಾತಾಡುತ್ತೇನೆ ಎಂದು ದಿನ ದೂಡಿದೆ. ವರ್ಷ ತುಂಬುವ ಮೊದಲೇ ಅವಳು ಕಡಬದ ಕಡೆಗೆ ವರ್ಗ ಮಾಡಿಸಿಕೊಂಡು ಹೋದಳು ಎಂದು ಕೇಳಿದೆ.

ಇಲ್ಲಿಗೆ ಮುಗಿದಿದ್ದರೂ ಒಂದು ಲೆಕ್ಕ. ಮುಗಿಯಲಿಲ್ಲ. ನಾಟಕದ ಸುದ್ದಿ ಹಬ್ಬಿ ಸುಳ್ಯಕ್ಕೆ ಕರೆ ಬಂತು. ಬಿಳಿಯವಳ ಪಾತ್ರಕ್ಕೆ ನನ್ನದೇ ಜಾತಿಯ ಇನ್ನೊಬ್ಬ ಟೀಚರನ್ನು ಹಾಕಿದೆವು. ಮೇಷ್ಟ್ರು ತಲೆ ತಗ್ಗಿಸಿಕೊಂಡು, "ಕೊನೆ ಮಾತ್ರ ಹಾಗೇ ಇಟ್ಕೊಳ್ಳುವನಾ?" ಎಂದರು. ನಾನು ಹೂಂ ಎಂದೆ. ಹೂಂ ಎಂದದ್ದು ಮಾತ್ರವಲ್ಲ, ಆ ಹೊಸಬಳಿಗೆ ಲೋಟ ಕವುಚುವುದನ್ನು ಕಲಿಸಿಕೊಟ್ಟದ್ದೂ ನಾನೇ. "ಹಾಗಲ್ಲ, ಅಷ್ಟು ಬೇಗ ಅಲ್ಲ. ನಿಧಾನ. ಮೊದಲು ನನ್ನ ಮುಖ ನೋಡ್ಬೇಕು." ಸುಳ್ಯದಲ್ಲಿ ಜನ ಅತ್ತರು. ನನಗೆ ಹಾರ ಹಾಕಿದರು. ಅವಳ ಅವಮಾನವನ್ನು ನಾವು ಹೀಗೆ ನಾಟಕ ಮಾಡಿ ತೋರಿಸಿಕೊಂಡು ತಿರುಗಿದೆವು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಕುಂಬ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಷ್ಟರಲ್ಲಿ ನಾನು ಮದುವೆಯಾಗಿ ಪುತ್ತೂರು ಸೇರಿದ್ದೆ. ಜಿನಸಿನ ಅಂಗಡಿಯ ಜಗಲಿಯಲ್ಲಿ ಅವಳು ನಿಂತಿದ್ದಳು, ಸಣ್ಣ ಮಗಳ ಕೈ ಹಿಡಿದುಕೊಂಡು. ನನ್ನನ್ನು ಕಂಡು ಅವಳೇ ಹತ್ತಿರ ಬಂದಳು.

"ಸೌಖ್ಯವಾ ಟೀಚರ್? ನೀವು ಈಗ ಎಲ್ಲಿ ಇರುದು?"

ಒಂದು ಮಳೆಗಾಲ ಪೂರ್ತಿ ಕಷ್ಟಪಟ್ಟು ಬಿಡಿಸಿದ್ದ ಆ 'ನೀವು' ತಿರುಗಿ ಬಂದಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಏನೇನೋ ಮಾತಾಡಿದೆವು. "ಸುಳ್ಯದಲ್ಲಿ ನಾಟಕ ಒಳ್ಳೇದಾಯ್ತಂತೆ" ಎಂದಳು, ಅದೇ ಸಮಾಧಾನದಲ್ಲಿ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಸ್ಸು ಬರುವುದು ಕಾಣಿಸಿತು. ಇದೇ ಕೊನೆಯ ಅವಕಾಶ ಎಂಬಂತೆ ಕೇಳಿಬಿಟ್ಟೆ, "ಆ ದಿನ ನೀರು ಪೂರಾ ಕುಡಿದೆಯಲ್ಲ... ನನ್ನ ಮೇಲೆ ಸಿಟ್ಟು ಬಂದು ಅಲ್ವಾ?" ಹೌದು ಎನ್ನಲಿ, ಒಮ್ಮೆ ಮುಖಕ್ಕೆ ಉಗಿಯಲಿ, ನಾನು ತಪ್ಪಾಯಿತು ಎಂದು ಕೈ ಹಿಡಿಯುತ್ತೇನೆ ಎಂದಿತ್ತು ನನ್ನ ಮನಸ್ಸಿನಲ್ಲಿ.

"ಸಿಟ್ಟು ಎಂತಕ್ಕೆ? ಬಾಯಾರಿತ್ತು ಟೀಚರ್, ಅಷ್ಟೇ" ಎಂದಳು. ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಕ್ಷಮೆ ಕೇಳಲು ಒಂದು ಸಂದಿಯನ್ನೂ ಅವಳು ನನಗೆ ಬಿಟ್ಟುಕೊಡಲಿಲ್ಲ. ಯಾಕೆ ಬಿಡಬೇಕು?

ಅದೇ ಕೊನೆ. ಆಮೇಲೆ ಅವಳನ್ನು ನೋಡಲಿಲ್ಲ. ಕಡಬವೇನು ಅಮೆರಿಕವೇ? ಬಸ್ಸಿನಲ್ಲಿ ಕೂತರೆ ಹೋಗಿ ಮುಟ್ಟುವ ಊರು. ಹೋಗಲಿಲ್ಲ ಅಷ್ಟೇ. ಈ ಸಲ ಹಂಡೆಯ ಮಸಿಯ ವಾಸನೆ ಬಂದ ಮೇಲೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿ ವಿಚಾರಿಸಿದೆ. "ಆ ಟೀಚರಾ? ಹೋದ ಮಳೆಗಾಲ, ಆಟಿ ತಿಂಗಳಲ್ಲಿ ತೀರಿಕೊಂಡ್ರಲ್ಲ" ಎಂದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಆದರೂ ಮೊನ್ನೆ ಅವಳ ಮನೆಗೆ ಹೋದೆ. ಸಣ್ಣ ತಾರಸಿ ಮನೆ, ಅಂಗಳದಲ್ಲಿ ದಾಸವಾಳ. ಕುಂಬ್ರದಲ್ಲಿ ಕೈ ಹಿಡಿದು ನಿಂತಿದ್ದ ಆ ಮಗಳೇ ಬಾಗಿಲು ತೆರೆದಳು. ಈಗ ಹೈಸ್ಕೂಲಿನಲ್ಲಿ ಟೀಚರಂತೆ. ಅಂಗಳದ ಆಚೆ ನನ್ನ ಕಾಲು ತಾನಾಗಿ ನಿಂತಿತು. ಅವಳು, "ಒಳಗೆ ಬನ್ನಿ, ಅಲ್ಲೇ ಯಾಕೆ ನಿಂತ್ರಿ?" ಎಂದಳು. ನಾನು ಯಾರೆಂದು ಹೇಳಿದೆ. ಅವಳ ಮುಖ ಅರಳಿತು.

"ಓ, ನೀವಾ! ಅಮ್ಮ ಹೇಳ್ತಿದ್ರು. ಒಬ್ರು ಟೀಚರ್ ಉಂಟು, ಮನೆಗೆ ಬರ್ತೇನೆ ಹೇಳಿದ್ದಾರೆ, ಬಂದ್ರೂ ಬರಬಹುದು ಅಂತ."

ನಾಟಕದ ವಿಷಯ, ಮಸಿಯ ವಿಷಯ ಏನಾದರೂ ತಾಯಿ ಹೇಳಿದ್ದಳೇ ಎಂದು ಮಗಳ ಮುಖದಲ್ಲಿ ಹುಡುಕಿದೆ. ಏನೂ ಇರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಸ್ಟೀಲಿನ ಲೋಟದಲ್ಲಿ ನೀರು ತಂದಿಟ್ಟಳು. ಗೋಡೆಯಲ್ಲಿ ಅವಳ ತಾಯಿಯ ಫೋಟೋ ಇತ್ತು. ಲೋಟವನ್ನು ಬಾಯಿಗೆ ಕಚ್ಚಿ ಕುಡಿದೆ, ಕೊನೆಯ ಹನಿಯ ತನಕ. ಕುಡಿದ ಮೇಲೆ ಲೋಟವನ್ನು ಹೇಗೆ ಇಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ಕೂತೆ.

"ಇನ್ನು ಸ್ವಲ್ಪ ಕೊಡ್ಲಾ? ಬಾಯಾರಿದೆ ಅಂತ ಕಾಣ್ತದೆ ನಿಮಗೆ" ಎಂದಳು.

ಬಾಯಾರಿದ್ದಲ್ಲ ಮಗಾ, ಆ ದಿನ ನಿನ್ನ ಅಮ್ಮನಿಗೂ ಬಾಯಾರಿರಲಿಲ್ಲ ಎಂದು ಹೇಳಬೇಕಿತ್ತು. ಅಷ್ಟಕ್ಕೆಂದೇ ಹೋದವಳು ನಾನು. ಲೋಟ ಮುಂದೆ ಹಿಡಿದೆ. ಅವಳು ತುಂಬಿಸಿದಳು. ಅದನ್ನೂ ಕುಡಿದು, ಏನೂ ಹೇಳದೆ, ಬಂದೆ.